ಉಭಯಚರ ವಿಮಾನಗಳ ಅವತರಣದಲ್ಲಿ ಅಪಘಾತ

1940ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ದುರಸ್ತಿಗಾಗಿ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದುವು. ನೆಲ ನೀರುಗಳೆರಡರಲ್ಲಿಯೂ ಇಳಿಯಬಲ್ಲ ಸಣ್ಣ ಉಭಯಚರ ವಿಮಾನಗಳಿಗಾದರೋ ಈ ಸಾಮರ್ಥ್ಯವೇ ಅಪಾಯಮೂಲವೂ ಆಗಿದೆ. ಗಾಲಿಗಳನ್ನು ಮಡಿಸದೆ ನೀರಿಗಿಳಿದರೆ ನೀರು ಅವನ್ನು ತಡೆದುಹಿಡಿಯುತ್ತದೆ. ವೇಗದಲ್ಲಿರುವ ಒಡಲು ಮುಂದಕ್ಕೆ ಮುಗ್ಗರಿಸಿ ಮಗುಚುತ್ತದೆ. ಚಾಲಕನು ತಲೆಕೆಳಗಾಗಿ ನೀರಿನೊಳಗೆ ಸಿಲುಕುತ್ತಾನೆ. ಗಾಲಿಗಳನ್ನು ಬಿಡದೆ ನೆಲಕ್ಕಿಳಿದರೆ ಸಾಮಾನ್ಯವಾಗಿ ಅಡಿಭಾಗವು ಉಜ್ಜಿಹೋಗುವುದಷ್ಟೆ. ಮರೆವು ಒಂದೇ ಆದರೂ ಫಲ ಬೇರೆ. ಕನ್ನಡಿಯಂತೆ ನಿಶ್ಚಲವಾದ ನೀರು ಇನ್ನೊಂದು ಕಂಟಕ: ಅದರ ಮೇಲೆ ಕಣ್ಣು ಎತ್ತರವನ್ನು ಅಳೆಯಲಾರದು. ಆದುದರಿಂದ ಅನುಭವಿಗಳು ದಡದ ಮಗ್ಗುಲಲ್ಲಿ, ಅಲ್ಲಿಯ ಮರಗಿಡಗಳಿಂದ ಎತ್ತರವನ್ನು ಗೊತ್ತುಮಾಡಿಕೊಂಡು, ಮೆಲ್ಲಮೆಲ್ಲನೆ ಇಳಿಯುವರು. ಅದಕ್ಕೆ ಮುನ್ನ ‘ಇದು ನೀರು, ಗಾಲಿ ಮೇಲಿದೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳುವರು.