ರಸ್ತೆಯ ಕಾಯಿದೆ: ದಂಡವೇನು, ರಾಜಿಯೇನು?

ಬಹಳ ವರ್ಷಗಳ ಹಿಂದಿನ ಮಾತು. ೧೯೯೦ರ ದಶಕದ ಒಂದು ಸಂಜೆ ಸ್ಕೂಟರಿನ ಮೇಲೆ ಮನೆಗೆ ಮರಳುತ್ತಿದ್ದೆ. ದಾರಿಯಲ್ಲಿ ಒಂದು ನಾಕೆಯ ಬಳಿ ಸಮವಸ್ತ್ರ ತೊಟ್ಟವರೊಬ್ಬರು ಕೈ ಅಡ್ಡಮಾಡಿ ನಿಲ್ಲಿಸಿದರು. ವಿಮೆಯ ಕಾಗದ ಮನೆಯಲ್ಲೇ ಉಳಿದಿತ್ತು. "ಕೋರ್ಟಿಗೆ ಬರ್ತೀರೋ, ಇಲ್ಲೇ ಮುಗಿಸ್ತೀರೋ?" ಎಂದು ಕೇಳಿದರು. ಕೋರ್ಟು ಎಂಬ ಶಬ್ದ ಕಿವಿಗೆ ಬಿದ್ದುದೇ ತಡ, ನಾನು ಅಲ್ಲೇ ಮುಗಿಸಿಬಿಟ್ಟೆ. ನೂರು ರೂಪಾಯಿ ಕೊಟ್ಟೆ. ಪಾವತಿಯನ್ನು ನಾನು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಮನೆಗೆ ಬಂದು, "ನೂರು ರೂಪಾಯಿ ದಂಡ ಕಟ್ಟಿ ಬಂದೆ" ಎಂದೆ. ನನ್ನ ಹೆಂಡತಿ ಲೆಕ್ಕದ ಪುಸ್ತಕ ತೆರೆದು, "ಪಾವತಿ ಎಲ್ಲಿದೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ದಂಡ ಎಂಬ ಶಬ್ದ ನಮ್ಮಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ತಪ್ಪಿಗಾಗಿ ತೆರುವ ಹಣ ದಂಡ. ವ್ಯರ್ಥವಾಗಿ ಕೈಬಿಟ್ಟ ಹಣವೂ ದಂಡ. ತರಗತಿಯಲ್ಲಿ ಶಬ್ದಾರ್ಥ ಹೇಳಿಕೊಡುತ್ತಿದ್ದ ನಾನು ಅಂದು ತೆತ್ತದ್ದು ಈ ಎರಡರಲ್ಲಿ ಯಾವುದು ಎಂದು ಯೋಚಿಸತೊಡಗಿದೆ. ಆ ಯೋಚನೆಯೇ ನನ್ನನ್ನು ಮೋಟಾರು ವಾಹನ ಕಾಯಿದೆಯನ್ನು ಓದುವಂತೆ ಮಾಡಿತು. ನಾನು ವಕೀಲನಲ್ಲ, ಓದಿ ತಿಳಿದುಕೊಂಡ ಒಬ್ಬ ಸಾಮಾನ್ಯ ಸವಾರ. ಆ ತಿಳುವಳಿಕೆಯನ್ನು ನಿಮ್ಮೊಡನೆ ಹಂಚಿಕೊಳ್ಳುವುದಷ್ಟೇ ಇಂದಿನ ಉದ್ದೇಶ.

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡುಗಳ ರಸ್ತೆಗಳನ್ನು ಬಲ್ಲವರಿಗೆ ಅವುಗಳ ಸ್ವಭಾವವೂ ಗೊತ್ತು. ದಾಂಡೇಲಿಯ ಕಾಗದದ ಕಾರಖಾನೆಗೆ ಕಟ್ಟಿಗೆ ಹೊತ್ತು ಬರುವ ಲಾರಿಗಳು, ಹಳಿಯಾಳದ ಕಡೆ ಹಂಗಾಮಿನಲ್ಲಿ ಸಾಲುಗಟ್ಟುವ ಕಬ್ಬಿನ ಟ್ರ್ಯಾಕ್ಟರುಗಳು, ಜೊಯಿಡಾ ತಾಲೂಕಿನ ರಾಮನಗರ, ಅನಮೋಡಗಳ ಮೇಲೆ ಗೋವೆಗೆ ಇಳಿಯುವ ವಾಹನಗಳು, ಮುಂಡಗೋಡದ ಟಿಬೇಟಿ ವಸಾಹತಿಗೆ ಬರುವ ಯಾತ್ರಿಕರ ಬಸ್ಸುಗಳು, ಕಾಳಿ ಕಣಿವೆಯ ಪ್ರವಾಸಿಗಳ ಕಾರುಗಳು. ನಡುವೆ ಕಾಡು, ತಿರುವು, ಮಳೆಗಾಲದ ಮಂಜು. ಇಂಥ ಹಾದಿಯಲ್ಲಿ ಕಾಯಿದೆ ಕೇವಲ ಹಣದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ನಮ್ಮ ದೇಶದಲ್ಲಿ ಮೋಟಾರು ವಾಹನಗಳಿಗೆ ಮೊದಲ ಕಾಯಿದೆ ಬಂದದ್ದು ೧೯೧೪ರಲ್ಲಿ. ೧೯೩೯ರಲ್ಲಿ ಎರಡನೆಯದು, ೧೯೮೮ರಲ್ಲಿ ಈಗಿನದು. ಈಗಿನ ಕಾಯಿದೆಗೆ ೨೦೧೯ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಆ ವರ್ಷದ ಸೆಪ್ಟೆಂಬರ್ ೧ರಿಂದ ದಂಡದ ಮೊತ್ತಗಳು ಏರಿದವು. ಏರಿದ ಮೊತ್ತಗಳ ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಅದೇ ಕಾಯಿದೆ ಸವಾರನಿಗೆ ಕೊಟ್ಟಿರುವ ಅನುಕೂಲಗಳ ಸುದ್ದಿ ಅಷ್ಟಾಗಿ ಹಬ್ಬಲಿಲ್ಲ.

ಮೊದಲು ತಡೆದು ನಿಲ್ಲಿಸುವ ಅಧಿಕಾರವನ್ನು ನೋಡೋಣ. ಕಾಯಿದೆಯ ೧೩೦ನೆಯ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಚಾಲಕ ತನ್ನ ಪರವಾನಿಗೆಯನ್ನು ತೋರಿಸಲೇಬೇಕು. ಸಮವಸ್ತ್ರದಲ್ಲಿರುವ ಎಂಬ ಮಾತನ್ನು ಗಮನಿಸಬೇಕು. ನೋಂದಣಿ, ವಿಮೆ ಮೊದಲಾದ ಕಾಗದಗಳ ಬಗ್ಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೩೯ನೆಯದು ಹೇಳುತ್ತದೆ: ಕೇಳಿದಾಗ ಅವು ಜೊತೆಯಲ್ಲಿಲ್ಲದಿದ್ದರೆ, ದೃಢೀಕರಿಸಿದ ಪ್ರತಿಯನ್ನು ಹದಿನೈದು ದಿನಗಳೊಳಗೆ ಆ ಅಧಿಕಾರಿಗೆ ಮುಟ್ಟಿಸಬಹುದು. ಕಾಗದವೇ ಇಲ್ಲದಿರುವುದು ಬೇರೆ, ಕಾಗದ ಮನೆಯಲ್ಲಿರುವುದು ಬೇರೆ. ಅಂದು ನಾಕೆಯ ಬಳಿ ನನ್ನ ಮುಂದೆ ಇಟ್ಟದ್ದು ಎರಡೇ ದಾರಿ. ಈ ಮೂರನೆಯ ದಾರಿಯನ್ನು ಅವರು ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ. ೨೦೧೮ರಲ್ಲಿ ಇದೇ ನಿಯಮವನ್ನು ತಿದ್ದಿ, ಮೊಬೈಲಿನಲ್ಲಿ ಇಟ್ಟುಕೊಂಡ ಡಿಜಿಲಾಕರಿನ ಪ್ರತಿಯೂ ನಡೆಯುತ್ತದೆ ಎಂದು ಮಾಡಿದ್ದಾರೆ. ಆದರೂ ಫೋನಿಗೆ ಸಿಗ್ನಲ್ ಸಿಗದ ಜೊಯಿಡಾದ ಕಾಡುಹಾದಿ ಹಿಡಿಯುವವರು ಒಂದು ಕಾಗದದ ಪ್ರತಿ ಇಟ್ಟುಕೊಳ್ಳುವುದು ಜಾಣತನ.

ತಡೆಯುವ ಅಧಿಕಾರ ಇದ್ದ ಮಾತ್ರಕ್ಕೆ ಹೇಗೆ ಬೇಕಾದರೂ ತಡೆಯಬಹುದೆಂದಲ್ಲ. ೨೦೨೫ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಾಯಿ ಕಚ್ಚಿದ ಮಗುವನ್ನು ಬೈಕಿನ ಮೇಲೆ ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆತಾಯಿಗಳನ್ನು ಹೆಲ್ಮೆಟ್ ತಪಾಸಣೆಗೆಂದು ತಡೆದಾಗ ಬೈಕು ಉರುಳಿ, ಮಗು ವಾಹನವೊಂದರ ಗಾಲಿಗೆ ಸಿಕ್ಕಿ ತೀರಿಕೊಂಡಿತು. ಆ ಮೇಲೆ ರಾಜ್ಯದ ಪೊಲೀಸ್ ಮಹಾನಿರ್ದೇಶಕರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನಗಳನ್ನು ಸುಮ್ಮನೆ ತಡೆಯಬಾರದು, ಕೀಲಿಕೈ ಕಿತ್ತುಕೊಳ್ಳಬಾರದು ಎಂದು ಇಲಾಖೆಗೆ ಸೂಚನೆ ಹೊರಡಿಸಿದರು. ಆ ಸೂಚನೆ ಬರಲು ಒಂದು ಕೂಸಿನ ಪ್ರಾಣ ಹೋಗಬೇಕಾಯಿತು.

ಇನ್ನು ರಾಜಿಯ ಮಾತು. ರಸ್ತೆಯಲ್ಲಿ ನಾವು ಕಟ್ಟುವ ಹಣವನ್ನು ದಂಡವೆಂದು ಕರೆಯುವುದು ವಾಡಿಕೆಯಾದರೂ ಕಾಯಿದೆಯ ಲೆಕ್ಕದಲ್ಲಿ ಅದು ದಂಡವಲ್ಲ. ದಂಡ ವಿಧಿಸುವ ಅಧಿಕಾರ ನ್ಯಾಯಾಧೀಶರಿಗೆ ಮಾತ್ರ. ಕಾಯಿದೆಯ ೨೦೦ನೆಯ ಕಲಮು, ಸರಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಅಧಿಕಾರಿಗಳು ಕೆಲವು ಅಪರಾಧಗಳನ್ನು ಗೊತ್ತುಪಡಿಸಿದ ಮೊತ್ತಕ್ಕೆ ರಾಜಿಯಲ್ಲಿ ಮುಗಿಸಬಹುದು ಎನ್ನುತ್ತದೆ. ರಾಜಿ ಎಂಬುದು ಅರಬೀ ಮೂಲದ ಶಬ್ದ. ಒಪ್ಪಿದವನು ಎಂದು ಅದರ ಅರ್ಥ. ಒಪ್ಪಿಗೆ ಇಲ್ಲದಲ್ಲಿ ರಾಜಿ ಇಲ್ಲ. ತಪ್ಪು ಮಾಡಿದ್ದೇನೆ ಎಂದು ಒಪ್ಪುವವನು ಹಣ ಕಟ್ಟಿ, ಪಾವತಿ ಪಡೆದು, ಮುಂದೆ ಹೋಗಬಹುದು. ತಪ್ಪು ಮಾಡಿಲ್ಲ ಎನ್ನುವವನು, "ನಾನು ರಾಜಿಗೆ ಸಿದ್ಧನಿಲ್ಲ, ನ್ಯಾಯಾಲಯದಲ್ಲಿ ಹೇಳಿಕೊಳ್ಳುತ್ತೇನೆ" ಎಂದು ಸೌಜನ್ಯದಿಂದ ಹೇಳಬಹುದು. ಅದು ಉದ್ಧಟತನವಲ್ಲ, ಕಾಯಿದೆಯೇ ತೆರೆದಿಟ್ಟ ಬಾಗಿಲು. ಪಾವತಿಯಿಲ್ಲದೆ ಕೈಬದಲಾದ ಹಣ ಮಾತ್ರ ದಂಡವೂ ಅಲ್ಲ, ರಾಜಿಯೂ ಅಲ್ಲ. ಅದರ ಹೆಸರು ಎಲ್ಲರಿಗೂ ಗೊತ್ತು.

ಮೊತ್ತಗಳ ವಿಷಯದಲ್ಲೂ ಈ ವ್ಯತ್ಯಾಸ ತಿಳಿದಿರಬೇಕು. ಶಿರಸ್ತ್ರಾಣವಿಲ್ಲದ ಸವಾರಿಗೆ ಕಾಯಿದೆ ಹೇಳುವ ದಂಡ ಸಾವಿರ ರೂಪಾಯಿ. ಕರ್ನಾಟಕ ಸರಕಾರ ೨೦೧೯ರ ಸೆಪ್ಟೆಂಬರಿನಲ್ಲಿ ರಾಜಿಯ ಮೊತ್ತವನ್ನು ಐನೂರಕ್ಕೆ ಇಳಿಸಿತು. ಸೀಟುಬೆಲ್ಟಿಗೂ ಹಾಗೆಯೇ. ಹಣ ಕಡಿಮೆಯಾಯಿತೆಂದು ತಪ್ಪು ಹಗುರವಾಯಿತೆಂದು ತಿಳಿಯಬಾರದು. ಶಿರಸ್ತ್ರಾಣವಿಲ್ಲದ್ದಕ್ಕೂ, ಒಂದೇ ಬೈಕಿನ ಮೇಲೆ ಮೂವರು ಕೂತದ್ದಕ್ಕೂ ಮೂರು ತಿಂಗಳು ಪರವಾನಿಗೆ ತಪ್ಪುವ ಶಿಕ್ಷೆಯೂ ಕಾಯಿದೆಯಲ್ಲಿದೆ.

ರಾಜಿಗೆ ಎಡೆಯಿಲ್ಲದ ಅಪರಾಧಗಳೂ ಇವೆ. ಕುಡಿದು ನಡೆಸುವುದು ಅವುಗಳಲ್ಲಿ ಮುಖ್ಯ. ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮೀರಿ ಮದ್ಯವಿದ್ದರೆ ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಇಲ್ಲಿ ವಾರಂಟಿಲ್ಲದೆ ಬಂಧಿಸುವ ಅಧಿಕಾರ ಪೊಲೀಸರಿಗಿದೆ. ಆದರೆ ಹಾಗೆ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು ಎಂದು ೨೦೨ನೆಯ ಕಲಮು ಕಟ್ಟು ಹಾಕಿದೆ. ಎರಡನೆಯದು, ಮನೆಯ ಹುಡುಗರ ಕೈಗೆ ಗಾಡಿ ಕೊಡುವುದು. ಹದಿನೆಂಟು ತುಂಬದವನು ಅಪರಾಧ ಮಾಡಿದರೆ ತಂದೆಗೋ ಗಾಡಿಯ ಮಾಲೀಕನಿಗೋ ಮೂರು ವರ್ಷಗಳವರೆಗೆ ಸೆರೆ ಮತ್ತು ೨೫,೦೦೦ ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಿಗೆ ಇಲ್ಲ. ಮಗ ಕಾಲೇಜಿಗೆ ಸೇರಿದನೆಂದು ಗಾಡಿಯ ಕೀಲಿಕೈ ಕೊಡುವ ತಂದೆಯರು ಈ ಕಲಮನ್ನು ಎರಡು ಸಲ ಓದಬೇಕು.

ಜಪ್ತಿ ಎಂಬುದು ಇನ್ನೊಂದು ಭಯದ ಶಬ್ದ. ಗಾಡಿಯನ್ನೇ ಹಿಡಿದಿಡುವ ಅಧಿಕಾರ ೨೦೭ನೆಯ ಕಲಮಿನಲ್ಲಿದೆ. ಅದು ಪರವಾನಿಗೆ ಇಲ್ಲದೆ ನಡೆಸುವುದು, ವಯಸ್ಸು ತುಂಬದೆ ನಡೆಸುವುದು, ನೋಂದಣಿ ಅಥವಾ ಪರ್ಮಿಟ್ ಇಲ್ಲದಿರುವುದು ಮುಂತಾದ ಸಂದರ್ಭಗಳಿಗೆ ಹೇಳಿದ್ದು. ಸರಿಯಾದ ಕಾಗದಗಳೊಡನೆ ಅರ್ಜಿ ಕೊಟ್ಟು ಮಾಲೀಕ ಅದನ್ನು ಬಿಡಿಸಿಕೊಳ್ಳಬಹುದು. ಸಮನ್ಸು ತಪ್ಪಿಸಿಕೊಂಡಾನು ಎಂಬ ಸಂಶಯದಿಂದ ಪರವಾನಿಗೆಯನ್ನು ಇಟ್ಟುಕೊಂಡರೆ ಅಧಿಕಾರಿ ಒಂದು ತಾತ್ಪೂರ್ತಿಕ ಚೀಟಿ ಕೊಡಲೇಬೇಕು; ಪರವಾನಿಗೆ ಮರಳಿ ಸಿಗುವವರೆಗೆ, ಅಥವಾ ಅದಕ್ಕೆ ಮುಂಚೆ ನ್ಯಾಯಾಲಯ ಬೇರೆ ಆಜ್ಞೆ ಮಾಡುವವರೆಗೆ, ಆ ಚೀಟಿಯ ಬಲದ ಮೇಲೆ ಗಾಡಿ ನಡೆಸಬಹುದು. ಚೀಟಿ ಪಡೆಯದೆ ಪರವಾನಿಗೆ ಕೊಟ್ಟುಬರಬಾರದು.

ಈಗ ಯಂತ್ರಗಳೂ ಕಾವಲು ನಿಂತಿವೆ. ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿಬಂದವರ ಫೋನಿಗೆ ಕೆಲವು ದಿನಗಳ ಮೇಲೆ ಚಲನ್ ಬರುವುದುಂಟು. ಕ್ಯಾಮರಾ ಹಿಡಿದ ತಪ್ಪಿನ ನೋಟೀಸು ಹದಿನೈದು ದಿನಗಳೊಳಗೆ ಹೊರಡಬೇಕೆಂದು ೨೦೨೧ರ ನಿಯಮ ಹೇಳುತ್ತದೆ. ಚಿತ್ರದಲ್ಲಿರುವ ಗಾಡಿ ನಿಮ್ಮದೇ ಹೌದೋ ಅಲ್ಲವೋ ಎಂದು ಮೊದಲು ನೋಡಿಕೊಳ್ಳಬೇಕು. ಬಾಕಿಯನ್ನು ಅರ್ಧಕ್ಕೆ ಇಳಿಸುವ ರಿಯಾಯಿತಿಯನ್ನು ಸರಕಾರ ೨೦೨೩ರಲ್ಲಿಯೂ ೨೦೨೫ರಲ್ಲಿಯೂ ಕೊಟ್ಟಿತು. ಮತ್ತೆ ಕೊಟ್ಟೀತೆಂದು ಕಾಯುತ್ತ ಕೂರುವುದು ಒಳ್ಳೆಯ ಅಭ್ಯಾಸವಲ್ಲ.

ಹಾಗಾದರೆ ಕೋರ್ಟಿನಲ್ಲಿ ಏನಾಗುತ್ತದೆ? ನಮ್ಮ ಓಣಿಯಲ್ಲಿ ಒಬ್ಬ ಟ್ರ್ಯಾಕ್ಟರ್ ಚಾಲಕನಿದ್ದ. ಕಬ್ಬಿನ ಟ್ರೇಲರಿಗೆ ಹಿಂದಿನ ದೀಪವಿಲ್ಲವೆಂದು ಅವನ ಮೇಲೆ ಒಂದು ಸಣ್ಣ ಪ್ರಕರಣವಾಗಿತ್ತು. ಸಮನ್ಸು ಬಂದಾಗ ಹೆದರಿ ಗೋವೆಗೆ ದುಡಿಯಲು ಹೋಗಿಬಿಟ್ಟ. ಹಾಜರಾಗದ್ದರಿಂದ ವಾರಂಟು ಹೊರಟಿತು. ಹಬ್ಬಕ್ಕೂ ಊರಿಗೆ ಬರಲಾರದಂತಾಯಿತು. ಕೊನೆಗೊಂದು ರಾತ್ರಿ ನನ್ನ ಮನೆಗೆ ಬಂದು, "ಸರ, ಕೋರ್ಟಿಗೆ ಹೋದರ ಒಳಗ ಹಾಕ್ತಾರೇನ್ರಿ?" ಎಂದು ಕೇಳಿದ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಾಯಿದೆಯ ೨೦೮ನೆಯ ಕಲಮಿನ ಪ್ರಕಾರ, ಸೆರೆಶಿಕ್ಷೆ ಇಲ್ಲದ ಅಪರಾಧಗಳಲ್ಲಿ ನ್ಯಾಯಾಲಯ ಸಮನ್ಸಿನ ಮೇಲೆಯೇ ಎರಡು ದಾರಿ ಬರೆದು ಕಳಿಸಬೇಕು: ಸ್ವತಃ ಅಥವಾ ವಕೀಲರ ಮೂಲಕ ಹಾಜರಾಗಬಹುದು, ಇಲ್ಲವೆ ತಪ್ಪೊಪ್ಪಿಗೆಯನ್ನು ಬರೆದು, ಹೇಳಿದ ಮೊತ್ತವನ್ನು ಅಂಚೆಯಲ್ಲಿ ಕಳಿಸಿ ಪ್ರಕರಣ ಮುಗಿಸಿಕೊಳ್ಳಬಹುದು. ಮನಿಯಾರ್ಡರು ಎಂಬ ಹಳೆಯ ಮಾತನ್ನೇ ಕಲಮು ಬಳಸಿದೆ. ತಪ್ಪನ್ನು ಒಪ್ಪದವನು ವಿಚಾರಣೆ ಕೇಳಬಹುದು. ಆಗ ತಪ್ಪನ್ನು ರುಜುವಾತು ಮಾಡುವ ಹೊಣೆ ಪೊಲೀಸರದು. ವಕೀಲರಿಗೆ ಹಣ ಹೊಂದಿಸಲಾಗದವರಿಗೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ೧೯೮೭ರ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ-ಪಂಗಡಗಳವರಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ನಮ್ಮ ಜಿಲ್ಲೆಯ ಸಿದ್ದಿ ಬಂಧುಗಳು ೨೦೦೩ರಿಂದ ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆ. ಹಳಿಯಾಳ, ಮುಂಡಗೋಡಗಳ ಕಾಡಂಚಿನ ವಾಡಿಗಳಿಗೆ ಈ ಮಾತು ಮುಟ್ಟಬೇಕು.

ಎಲ್ಲಕ್ಕಿಂತ ಮುಖ್ಯವಾದುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅಪಘಾತ ಮಾಡಿದವನು ಓಡಿಹೋಗುವುದೇಕೆ? ಎಷ್ಟೋ ಸಲ ಅದು ಕೇಡಿಗತನವಲ್ಲ, ಭಯ. ಜನ ಹೊಡೆದಾರು, ಪೊಲೀಸರು ಬಿಡಲಾರರು ಎಂಬ ಭಯ. ಕಾಯಿದೆ ಈ ಭಯವನ್ನೂ ಬಲ್ಲದು. ಗಾಯಾಳುವಿಗೆ ವೈದ್ಯರ ನೆರವು ಒದಗಿಸಬೇಕು ಎನ್ನುವ ೧೩೪ನೆಯ ಕಲಮು, ಗುಂಪಿನ ರೋಷದಿಂದ ಅದು ಸಾಧ್ಯವಾಗದಿದ್ದರೆ ಎಂಬ ವಿನಾಯಿತಿಯನ್ನೂ ಬರೆದಿಟ್ಟಿದೆ. ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ, ತಿಳಿಸಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷಗಳವರೆಗೆ ಸೆರೆ ಇದೆ. ಆದರೂ ಅದು ಜಾಮೀನು ಹಕ್ಕಾಗಿ ಸಿಗುವ ಅಪರಾಧ. ಬಂಧಿಸಿದರೆ ಕಾರಣ ಹೇಳಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಸಂವಿಧಾನದ ಮಾತು.

ದಾರಿಹೋಕರಿಗೂ ರಕ್ಷಣೆಯಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಕಾಡಬಾರದೆಂಬ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟು ೨೦೧೬ರಲ್ಲಿ ಕಡ್ಡಾಯಗೊಳಿಸಿತು. ಕರ್ನಾಟಕ ಇದಕ್ಕೆಂದೇ ಒಂದು ಕಾಯಿದೆ ಮಾಡಿತು. ೨೦೧೯ರ ತಿದ್ದುಪಡಿಯಲ್ಲಿ ಅದು ಇಡೀ ದೇಶದ ಕಲಮಾಯಿತು. ದಾಂಡೇಲಿಯ ಕಾಡಿನ ತಿರುವಿನಲ್ಲಿ ಬಿದ್ದವನಿಗೆ ಮುಂದಿನ ವಾಹನ ಬರುವುದು ಅರ್ಧ ಗಂಟೆಯ ಮೇಲಾದೀತು. ಮೊದಲು ಬಂದವನು ಭಯದಿಂದ ಮುಂದೆ ಹೋದರೆ ಎರಡನೆಯವನು ಬರುವವರೆಗೆ ಜೀವ ಉಳಿದೀತೆಂಬ ಭರವಸೆ ಇಲ್ಲ.

ಕಾಯಿದೆ ಪೊಲೀಸರನ್ನೂ ಬಿಟ್ಟಿಲ್ಲ. ಅದನ್ನು ಜಾರಿಮಾಡುವ ಅಧಿಕಾರವುಳ್ಳವನೇ ಅದನ್ನು ಮುರಿದರೆ ಅವನಿಗೆ ಎರಡರಷ್ಟು ದಂಡ ಎಂದು ೨೧೦ಬಿ ಕಲಮು ಹೇಳುತ್ತದೆ. ಬಿಸಿಲು-ಮಳೆಯಲ್ಲಿ ನಿಂತು ನಮ್ಮ ತಲೆ ಉಳಿಸಲು ದುಡಿಯುವ ಸಿಪಾಯಿಯ ಮೇಲೆ ನನಗೆ ಗೌರವವಿದೆ. ಕಾಯಿದೆ ಬಲ್ಲ ಸವಾರ ಎದುರಾದರೆ ಅವನ ಕೆಲಸವೂ ಹಗುರ.

ಟ್ರ್ಯಾಕ್ಟರಿನ ಆ ಚಾಲಕನನ್ನು ಮರುವಾರ ಪರಿಚಯದ ವಕೀಲರೊಬ್ಬರ ಬಳಿ ಕರೆದೊಯ್ದೆ. ವಾರಂಟು ಹಿಂತೆಗೆದುಕೊಳ್ಳಲು ಅರ್ಜಿ ಕೊಟ್ಟರು. ಅವನು ಕಟಕಟೆಯಲ್ಲಿ ನಿಂತು ತಪ್ಪೊಪ್ಪಿಕೊಂಡ. ದಂಡ ಕಟ್ಟಿ, ಪಾವತಿ ಹಿಡಿದು ಹೊರಗೆ ಬಂದ. ಎಲ್ಲ ಸೇರಿ ಒಂದು ಮುಂಜಾನೆಯ ಕೆಲಸ. ನ್ಯಾಯಾಲಯದ ಎದುರಿನ ಚಹಾದಂಗಡಿಯಲ್ಲಿ ಕೂತು ಆ ಪಾವತಿಯನ್ನು ಬಹಳ ಹೊತ್ತು ನೋಡುತ್ತಿದ್ದ. ಆಮೇಲೆ, "ಇಷ್ಟಕ್ಕ ಎರಡು ವರ್ಷ ಊರು ಬಿಟ್ಟಿದ್ನೆಲ್ರಿ ಸರ" ಎಂದ. ಅದೇ ವಾರ ಟ್ರೇಲರಿಗೆ ಹಿಂದಿನ ದೀಪವನ್ನೂ ಹಾಕಿಸಿದ.