ಕರೆಂಟು ಹೋದರೂ ಆಟ ಉಳಿಯಬೇಕು

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ನಮ್ಮ ಸೋದರತ್ತೆ ಮನೆ. ಬೇಸಿಗೆ ರಜೆಗೆ ಹೋದಾಗ ಟೀವಿಗೆ ವಿಡಿಯೋ ಗೇಮ್ ಸಿಕ್ಕಿಸಿ, ಹಳದಿ ಕ್ಯಾಸೆಟ್ಟು ತುರುಕಿ ಮಾರಿಯೋ ಆಡುತ್ತಿದ್ದೆವು. ಮೂರು ಕೋಟೆ ದಾಟಿ ನಾಲ್ಕನೆಯದರ ಬಾಗಿಲಿಗೆ ಬರುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಮತ್ತೆ ಮೊದಲನೇ ಲೆವೆಲ್ಲು. ಅತ್ತೆ ಮಗ ರಿಮೋಟು ಕೆಳಗಿಟ್ಟು ಅಳುತ್ತಿದ್ದ.

1985ರ ಆ ಆಟದ ಕ್ಯಾಸೆಟ್ಟಿನಲ್ಲಿದ್ದದ್ದು ಓದಲು ಮಾತ್ರ ಬರುವ ಚಿಪ್ಪು. ಎಷ್ಟು ಜೀವ, ಎಷ್ಟು ನಾಣ್ಯ ಎಂಬ ಲೆಕ್ಕವೆಲ್ಲ ಯಂತ್ರದ ರ‍್ಯಾಮ್‌ನಲ್ಲಿ. ಕರೆಂಟು ಹೋದರೆ ಅದೂ ಹೋಯಿತು. ಮೆಟ್ರಾಯ್ಡ್ ಎಂಬ ಆಟದ ಕ್ಯಾಸೆಟ್ಟು ಇದಕ್ಕೆ ಉಪಾಯವಾಗಿ 24 ಅಕ್ಷರಗಳ ಪಾಸ್‌ವರ್ಡ್ ಕೊಡುತ್ತಿತ್ತು, ಆಡುವವರು ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. 1987ರಲ್ಲಿ ಅಮೆರಿಕಕ್ಕೆ ಬಂದ ಝೆಲ್ಡಾ ಕ್ಯಾಸೆಟ್ಟಿನೊಳಗೇ ಒಂದು ಗುಂಡಿ ಬ್ಯಾಟರಿ ಇತ್ತು. ಟೀವಿ ಆರಿದರೂ ಲೆಕ್ಕ ಉಳಿಯಿತು.

ಸೇವ್ ಎಂದರೆ ಇಷ್ಟೇ: ಅಂಗಡಿಯ ಬಾಕಿ ಪುಸ್ತಕದಂತೆ, ಬದಲಾಗುವುದನ್ನು ಮಾತ್ರ ಬರೆದಿಡುವುದು. ಬೆಟ್ಟ, ಮರ ಆಟದೊಳಗೆ ಹೇಗೂ ಇವೆ, ಬರೆಯುವುದು ಬೇಡ. ಯಾವ ಬಾಗಿಲು ತೆರೆದಿದೆ, ಯಾರು ಸತ್ತಿದ್ದಾರೆ, ನಾವು ನಿಂತಿರುವುದು ಎಲ್ಲಿ, ಇವು ಬೇಕು. ಅಪಾಯ ಇರುವುದು ಬರೆಯುವ ಗಳಿಗೆಯಲ್ಲಿ. ಹಳೆಯ ಫೈಲಿನ ಮೇಲೆಯೇ ಬರೆಯುತ್ತಿರುವಾಗ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದಕ್ಕೇ ಬಲ್ಲವರು ಬೇರೊಂದು ಫೈಲಿನಲ್ಲಿ ಪೂರ್ತಿ ಬರೆದು, ಸರಿಯಾಗಿದೆಯೇ ನೋಡಿ, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗದಲ್ಲಿ ಕೂರಿಸುತ್ತಾರೆ.

ಇನ್ನು ಆಟದೊಳಗೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ರಿವೈಂಡ್‌ಗೆ ಒಂದು ಲೆಕ್ಕ ಸಾಲದು, ಕ್ಷಣಕ್ಕೊಂದು ಬೇಕು. ಒಂದು ವಸ್ತು ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಹೇಳಲು ಆರು ಸಂಖ್ಯೆ, ಅಂದರೆ 24 ಬೈಟ್. ಸೆಕೆಂಡಿಗೆ 60 ಸಲ, ಹತ್ತು ಸೆಕೆಂಡು ಬರೆದರೆ 14,400 ಬೈಟ್. ಅಂಥ ನೂರು ವಸ್ತುಗಳಿದ್ದರೂ 14 ಲಕ್ಷ ಚಿಲ್ಲರೆ ಬೈಟ್. ಇಂದಿನ ಫೋನಿಗೆ ಅದು ಭಾರವೇ ಅಲ್ಲ. 600 ಮನೆಗಳನ್ನು ಸುತ್ತಾಗಿ ಇಟ್ಟು, ಚೌಕಾಬಾರದ ಕಾಯಿ ನಡೆಸಿದಂತೆ ಒಂದೊಂದೇ ಮನೆ ತುಂಬುತ್ತಾ ಹೋಗುತ್ತಾರೆ. 601ನೆಯ ಲೆಕ್ಕ ಮೊದಲ ಮನೆಯನ್ನು ಅಳಿಸಿ ಅಲ್ಲಿ ಕೂರುತ್ತದೆ. ಹಿಂದೆ ಹೋಗಬೇಕೆಂದರೆ ಮನೆಗಳನ್ನು ಹಿಮ್ಮುಖವಾಗಿ ಓದಿದರಾಯಿತು.

ಚೌಕಾಬಾರ ಅಂದೆನಲ್ಲ, ಅದರಲ್ಲಿ ರಿವೈಂಡ್ ಇದ್ದರೆ? ಬಾರ ಬೀಳುವವರೆಗೂ ಕವಡೆ ಹಾಕುತ್ತಲೇ ಇರಬಹುದು, ಆಟ ಕೆಟ್ಟಿತು. ಆದ್ದರಿಂದ ಮುಂದೆ ಯಾವ ಗರ ಬೀಳಬೇಕು ಎಂಬುದನ್ನು ನಿರ್ಧರಿಸುವ ಬೀಜಸಂಖ್ಯೆಯನ್ನೂ ಲೆಕ್ಕದೊಳಗೆ ಸೇರಿಸುತ್ತಾರೆ. ಹಿಂದೆ ಹೋಗಿ ಮತ್ತೆ ಹಾಕಿದರೂ ಅದೇ ಗರ.

2003ರ ಪ್ರಿನ್ಸ್ ಆಫ್ ಪರ್ಷಿಯಾ ಆಟದಲ್ಲಿ ಕಾಲ ತಿರುಗಿಸಲು ಮರಳು ಖರ್ಚಾಗುತ್ತದೆ, ಮುಗಿದರೆ ಇಲ್ಲ. 2008ರ ಬ್ರೇಡ್ ಎಷ್ಟು ಬೇಕಾದರೂ ಹಿಂದೆ ಹೋಗಲು ಬಿಡುತ್ತದೆ. ಅದರ ಚೆಲುವು ಬೇರೆಡೆ ಇದೆ: ಹಸಿರಾಗಿ ಮಿನುಗುವ ವಸ್ತುಗಳಿಗೆ ರಿವೈಂಡ್ ತಟ್ಟುವುದಿಲ್ಲ. ಆಳದ ಗುಂಡಿಗೆ ಹಾರಿ ಅಂಥ ಬೀಗದ ಕೈ ಹಿಡಿದು ಕಾಲ ತಿರುಗಿಸಿದರೆ, ನೀವು ದಂಡೆಗೆ ವಾಪಸು, ಬೀಗದ ಕೈ ನಿಮ್ಮ ಕೈಯಲ್ಲೇ. ನಾನು ಕಂಡ ರಿವೈಂಡ್‌ಗಳಲ್ಲಿ ಇಷ್ಟು ಜಾಣತನದ್ದು ಇನ್ನೊಂದಿಲ್ಲ.

ಈಗ ಆಟ ಫೋನಿಗೆ ಬಂದಿದೆ. ನಡುವೆ ಕರೆ ಬರುತ್ತದೆ, ಬ್ಯಾಟರಿ ಮುಗಿಯುತ್ತದೆ. ಆಟ ಬರೆಯುವ ಹುಡುಗರು ತೆರೆಯಿಂದ ಆಟ ಸರಿದ ಕ್ಷಣವೇ ಸೇವ್ ಆಗುವಂತೆ ಮಾಡಲಿ. ಆಮೇಲೆ ಸೇವ್ ಆಗುತ್ತಿರುವಾಗಲೇ ಆ್ಯಪನ್ನು ಬಲವಂತವಾಗಿ ಮುಚ್ಚಿ, ಮತ್ತೆ ತೆರೆದು ನೋಡಲಿ. ಒಂದು ಸಲವಲ್ಲ, ಐವತ್ತು ಸಲ.