ಬಾನುಲಿ ಪ್ರಹಸನಗಳು ಉಳಿದ ಬಗೆ

1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದ ತಾಂಡೂರು ಸೀಮೆಯ ಕನ್ನಡ ಮನೆಗಳಿಗೆ, 1966ರಲ್ಲಿ ಆರಂಭವಾದ ಗುಲ್ಬರ್ಗಾ ಆಕಾಶವಾಣಿಯೇ ಹತ್ತಿರದ ಕನ್ನಡ ನಿಲಯವಾಯಿತು; ಮಧ್ಯಮ ತರಂಗವು ನೆಲಕ್ಕೆ ಹೊಂದಿಕೊಂಡೇ ದೂರ ಸಾಗುವುದರಿಂದ ರಾಜ್ಯಗಳ ಗಡಿ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಕನ್ನಡ ನಿಲಯಗಳು ಬಿತ್ತರಿಸಿದ ಹಾಸ್ಯನಾಟಕ, ಪ್ರಹಸನಗಳಲ್ಲಿ ಇಂದಿಗೆ ಉಳಿದುದು ಕಡಿಮೆ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಆರಂಭಿಸಿದಾಗ ಪ್ರಸಾರವೆಂದರೆ ಬಹುಮಟ್ಟಿಗೆ ನೇರಪ್ರಸಾರವೇ ಆಗಿತ್ತು. ಮುಂದೆ ಬಂದ ಸ್ಪೂಲ್ ಟೇಪು, ಅಂದರೆ ಕಬ್ಬಿಣದ ಆಕ್ಸೈಡ್ ಲೇಪಿಸಿದ ಕಾಲಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ, ಸೆಕೆಂಡಿಗೆ ಏಳೂವರೆ ಅಂಗುಲದಂತೆ ಓಡಿದರೆ 2400 ಅಡಿಯ ಸುರುಳಿಯೂ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತಿದ್ದುದರಿಂದ, ಪ್ರಸಾರವಾದುದನ್ನು ಅಳಿಸಿ ಅದೇ ಟೇಪಿನ ಮೇಲೆ ಮತ್ತೊಂದನ್ನು ಮುದ್ರಿಸುವುದು ವಾಡಿಕೆಯಾಯಿತು. 1954ರಲ್ಲಿ ಆಕಾಶವಾಣಿ ಸ್ಥಾಪಿಸಿದ ಧ್ವನಿ ದಾಖಲೆ ವಿಭಾಗದ ಮೊದಲ ಕಾಳಜಿ ರಾಷ್ಟ್ರಪತಿ, ಪ್ರಧಾನಿಗಳ ಭಾಷಣಗಳಾಗಿದ್ದವು; ಎ.ಎಸ್. ಮೂರ್ತಿಯವರು ಬಾನುಲಿ ಹಾಸ್ಯದಲ್ಲಿ ‘ಆಕಾಶವಾಣಿ ಈರಣ್ಣ’ನೆಂದೇ ಮನೆಮಾತಾಗಿದ್ದರೂ ಹಾಸ್ಯಕ್ಕೆ ಆ ಪಂಕ್ತಿಯಲ್ಲಿ ಎಲೆ ಹಾಕುವವರಿರಲಿಲ್ಲ. ಬಿಬಿಸಿಯೂ ಇದಕ್ಕೆ ಹೊರತಲ್ಲ: ಅಲ್ಲಿನ ‘ಗೂನ್ ಶೋ’ ಹಾಸ್ಯ ಕಾರ್ಯಕ್ರಮದ ಹಲವು ಕಂತುಗಳು ಉಳಿದುದು ಪರದೇಶದ ನಿಲಯಗಳಿಗೆ ಕಳಿಸಲೆಂದು ತೆಗೆದ ಪ್ರತಿಗಳಿಂದ.

ನಿಲಯಗಳು ಉಳಿಸದ ಪ್ರಹಸನಗಳಿಗೆ ಆಸರೆಯಾದವರು ಕೇಳುಗರು. ರೇಡಿಯೊ, ಕ್ಯಾಸೆಟ್ ಮುದ್ರಕ ಎರಡೂ ಒಂದರಲ್ಲೇ ಇದ್ದ ಟೂ-ಇನ್-ವನ್ ಬಂದ ಮೇಲೆ ರೇಡಿಯೊ ಕೇಳುತ್ತಲೇ ಕ್ಯಾಸೆಟ್ಟಿಗೆ ತುಂಬಿಕೊಳ್ಳುವುದು ಸುಲಭವಾಯಿತು. ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಯಾರೂ ಕೈತಪ್ಪಿ ಸಿನಿಮಾ ಹಾಡು ಮುದ್ರಿಸುವಂತಿರಲಿಲ್ಲ.

ಹಳೆಯ ಟೇಪನ್ನು ಡಿಜಿಟಲ್‌ಗೆ ತರುವುದೂ ಸರಾಗವಲ್ಲ. ಲೇಪವನ್ನು ಹಿಡಿದಿಡುವ ಅಂಟು ಕೆಲವು ಬಗೆಯ ಟೇಪುಗಳಲ್ಲಿ ತೇವ ಹೀರಿ ಜಿಗುಟಾಗುತ್ತದೆ. ಅಂಥದನ್ನು ಹಾಗೆಯೇ ಓಡಿಸಿದರೆ ಕಂದುಪುಡಿ ಯಂತ್ರದ ಹೆಡ್ಡಿಗೆ ಮೆತ್ತಿಕೊಂಡು, ಪುಡಿಯೊಡನೆ ಧ್ವನಿಯೂ ಹೋಗುತ್ತದೆ. ಆದ್ದರಿಂದ ತಜ್ಞರು ಅದನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಒಣಗಿಸಿ, ಅನಂತರ ಹೆಡ್ಡಿನ ಕೋನವನ್ನು ಟೇಪಿಗೆ ಸರಿಹೊಂದಿಸಿ ಓಡಿಸುತ್ತಾರೆ. ಹೀಗೆ ದೊರೆತ ಮೊದಲ ಪ್ರತಿಯನ್ನು ಗರಗರ ಸದ್ದು ಸಹಿತ ಇದ್ದಂತೆಯೇ ಕಾದಿಟ್ಟು, ಸದ್ದು ತೆಗೆಯುವ ಕೆಲಸವನ್ನು ಬೇರೊಂದು ಪ್ರತಿಯ ಮೇಲೆ ಮಾತ್ರ ಮಾಡುತ್ತಾರೆ, ಏಕೆಂದರೆ ಅತಿಯಾಗಿ ಶುಚಿಗೊಳಿಸಿದರೆ ನಟರ ಉಸಿರು, ಮಾತಿನ ನಡುವಣ ಬಿಡುವುಗಳೂ ಅಳಿದು, ಹಾಸ್ಯದ ಹದವೇ ಕೆಡುತ್ತದೆ.